ಸುಮನಹಳ್ಳಿ ಎಂಬ ಹೆಸರಿನ ಹಿಂದೆ

ಮಾಗಡಿ ರಸ್ತೆಯಲ್ಲಿ ದಿನನಿತ್ಯ ಓಡಾಡುವವರಿಗೆ ಸುಮನಹಳ್ಳಿ ಎಂದೊಡನೆ ನೆನಪಾಗುವುದು ಮೇಲ್ಸೇತುವೆ. ಹೊರವರ್ತುಲ ರಸ್ತೆಯೂ ಮಾಗಡಿ ರಸ್ತೆಯೂ ಕೂಡುವ ಈ ಜಾಗದ ಹೆಸರು ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ವಾಹನ ದಟ್ಟಣೆಯ ಸುದ್ದಿಯಲ್ಲಿ. 2019ರಲ್ಲಿ ಸೇತುವೆಯ ಮೇಲ್ಮೈ ಕುಸಿದು ರಂಧ್ರ ಬಿದ್ದಾಗ ಒಮ್ಮೆ, 2021ರಲ್ಲಿ ಇಲ್ಲಿನ ವಿದ್ಯುತ್ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಾಗ ಇನ್ನೊಮ್ಮೆ ಊರೆಲ್ಲ ಈ ಹೆಸರನ್ನು ಕೇಳಿತು. ಆದರೆ ಸುಮನಹಳ್ಳಿ ಎಂಬ ಹಳ್ಳಿ ಎಲ್ಲಿದೆ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ.

ಸುತ್ತಲಿನ ಮಾಳಗಾಳ, ಕೊಟ್ಟಿಗೆಪಾಳ್ಯ, ಸುಂಕದಕಟ್ಟೆ, ಹೇರೋಹಳ್ಳಿಗಳಂತೆ ಇದು ಹೊಲ, ಕೆರೆ, ಗುಡಿ ಇದ್ದ ಹಳೆಯ ಊರಲ್ಲ. 1970ರ ದಶಕದ ಕೊನೆಯ ವರ್ಷಗಳಲ್ಲಿ ಕುಷ್ಠರೋಗಿಗಳಿಗಾಗಿ ಇಲ್ಲಿ ಆರಂಭವಾದ ಪುನರ್ವಸತಿ ಕೇಂದ್ರಕ್ಕೆ ಇಟ್ಟ ಹೆಸರು ಇದು. ‘ಸು’ ಎಂದರೆ ಒಳ್ಳೆಯ. ಒಳ್ಳೆಯ ಮನಸ್ಸಿನವರ ಹಳ್ಳಿ ಎಂಬ ಅರ್ಥ. ಕೇಂದ್ರದ ಹೆಸರು ಬಸ್ ನಿಲ್ದಾಣಕ್ಕೆ ಬಂತು, ನಿಲ್ದಾಣದ್ದು ಕೂಡುರಸ್ತೆಗೆ, ಕೂಡುರಸ್ತೆಯದ್ದು ಸೇತುವೆಗೆ. ಯಾರನ್ನು ನೋಡಿದರೆ ಜನ ಮುಖ ತಿರುಗಿಸುತ್ತಿದ್ದರೋ ಅವರ ಮನೆಯ ಹೆಸರನ್ನೇ ಇಂದು ಲಕ್ಷಾಂತರ ಜನ ದಿನವೂ ಕಂಡಕ್ಟರಿಗೆ ಹೇಳಿ ಟಿಕೆಟ್ ಪಡೆಯುತ್ತಾರೆ.

ಬೇಕೆಂದದ್ದು ಬೇಕೆಂದಾಗಲೇ ಸಿಗಬೇಕು ಎನ್ನುವ ಕಾಲ ಇದು. ರಾಜಾಜಿನಗರದಲ್ಲಾಗಲಿ, ವಿಜಯನಗರದಲ್ಲಾಗಲಿ, ಮೊಬೈಲ್ ಒತ್ತಿದರೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರುತ್ತದೆ. ಪಡೆಯುವುದರಲ್ಲಿ ಮಾತ್ರವಲ್ಲ, ಕೊಡುವುದರಲ್ಲೂ ಈ ಅವಸರ ಹೊಕ್ಕಿದೆ. ಹುಟ್ಟುಹಬ್ಬಕ್ಕೆ ಅನಾಥಾಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ, ಊಟ ಬಡಿಸುವ ಫೋಟೊ ತೆಗೆಸಿಕೊಂಡು ಮಧ್ಯಾಹ್ನ ಮೂರಕ್ಕೆ ಮನೆಗೆ ಮರಳುವುದು ಈಗ ಸಾಮಾನ್ಯ. ಇದನ್ನು ತಪ್ಪೆನ್ನಲಾಗದು, ಉಂಡವರ ಹೊಟ್ಟೆ ತುಂಬಿದ್ದು ನಿಜ. ಆದರೆ ಹಿರಿಯರು ಸೇವೆಯಲ್ಲಿ ಸುಖವಿದೆ ಎಂದು ಹೇಳುತ್ತಿದ್ದರಲ್ಲ, ಆ ಸುಖ ಇದೇನೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮಾಗಡಿ ರಸ್ತೆ ಒಳ್ಳೆಯ ಜಾಗ. ಏಕೆಂದರೆ ಇಲ್ಲಿ ಸೇವೆಗೆ ಎದುರಾದದ್ದು ಯಾವ ಅವಸರಕ್ಕೂ ಬಗ್ಗದ ಒಂದು ರೋಗ.

ಊರ ಹೊರಗಿನ ರಸ್ತೆ

ಕೆಂಪೇಗೌಡರ ಪೇಟೆಯಿಂದ ಪಶ್ಚಿಮಕ್ಕೆ, ಮಾಗಡಿಯತ್ತ ಹೊರಟ ದಾರಿ ಇದು. ಒಂದು ಕಾಲಕ್ಕೆ ಬಿನ್ನಿ ಮಿಲ್ ದಾಟಿದರೆ ಬೆಂಗಳೂರು ಮುಗಿಯುತ್ತಿತ್ತು. ಆಮೇಲೆ ಹೊಲ, ತೋಪು, ಕೆರೆ. ರಾಜಾಜಿನಗರ ರೂಪುಗೊಂಡದ್ದು 1949ರಲ್ಲಿ, ಕೈಗಾರಿಕಾ ಉಪನಗರವಾಗಿ. ವಿಜಯನಗರ, ಬಸವೇಶ್ವರನಗರಗಳು ತುಂಬಿಕೊಂಡದ್ದು ಇನ್ನೂ ಆಮೇಲೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ್ದೇ 1976ರಲ್ಲಿ.

ಊರು ತನಗೆ ಬೇಡದವರನ್ನು ಯಾವಾಗಲೂ ಊರ ಹೊರಗೆ ಇಡುತ್ತದೆ. ಬೆಂಗಳೂರಿಗೆ ಆ ಹೊರಗು ಮಾಗಡಿ ರಸ್ತೆಯಾಗಿತ್ತು. ಸರ್ಕಾರಿ ಕುಷ್ಠರೋಗ ಆಸ್ಪತ್ರೆ ಇದೇ ರಸ್ತೆಯಲ್ಲಿ. ಜನರು ಬೆಗ್ಗರ್ಸ್ ಕಾಲೊನಿ ಎಂದೇ ಕರೆಯುವ ನಿರಾಶ್ರಿತರ ಪರಿಹಾರ ಕೇಂದ್ರ ಇದೇ ರಸ್ತೆಯಲ್ಲಿ. ಸುಮನಹಳ್ಳಿಯೂ ಅದರ ಪಕ್ಕದಲ್ಲೇ. ಬೀದಿಯಲ್ಲಿ ಬೇಡುವವರನ್ನು ಹಿಡಿದು ತಂದು ಇಡಲು ಮೈಸೂರು ಸಂಸ್ಥಾನ 1944ರಲ್ಲೇ ಕಾಯ್ದೆ ಮಾಡಿತ್ತು. ಅದರ ಜಾಗಕ್ಕೆ 1975ರಲ್ಲಿ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ಬ್ರಿಟಿಷ್ ಇಂಡಿಯಾದಲ್ಲಿ 1898ರ ಕುಷ್ಠರೋಗಿಗಳ ಕಾಯ್ದೆ ಇತ್ತು. ಬೇಡಿ ಬದುಕುವ ಕುಷ್ಠರೋಗಿಯನ್ನು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಸೇರಿಸಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಈ ಕಾಯ್ದೆಯನ್ನು ಸಂಸತ್ತು ರದ್ದು ಮಾಡಿದ್ದು 2016ರಲ್ಲಿ. ಅಂದರೆ ಸ್ವಾತಂತ್ರ್ಯ ಬಂದು 69 ವರ್ಷಗಳವರೆಗೆ ರೋಗವೇ ಬಂಧನಕ್ಕೆ ಕಾರಣವಾಗಬಹುದಿತ್ತು. ಗಂಡ ಅಥವಾ ಹೆಂಡತಿಗೆ ಕುಷ್ಠ ಇದೆ ಎಂಬುದು ವಿಚ್ಛೇದನಕ್ಕೆ ಸಾಕಾಗುವ ಕಾರಣವಾಗಿ ಉಳಿದದ್ದು 2019ರವರೆಗೆ.

ಅವಸರವಿಲ್ಲದ ರೋಗ

ಕುಷ್ಠವನ್ನು ನಮ್ಮ ಹಳ್ಳಿಗಳಲ್ಲಿ ‘ಮಹಾರೋಗ’, ‘ದೊಡ್ಡ ರೋಗ’ ಎಂದು ಕರೆದರು. ಪೂರ್ವಜನ್ಮದ ಪಾಪ ಎಂದರು, ವಂಶದ ಶಾಪ ಎಂದರು. ಎರಡೂ ಅಲ್ಲವೆಂದು ತೋರಿಸಿದವರು ನಾರ್ವೆಯ ವೈದ್ಯ ಹ್ಯಾನ್ಸನ್. 1873ರಲ್ಲಿ ಬರ್ಗೆನ್ ನಗರದಲ್ಲಿ ಅವರು ಈ ರೋಗದ ಸೂಕ್ಷ್ಮಾಣುವನ್ನು ಕಂಡರು. ಶಾಪವಲ್ಲ, ಒಂದು ಕ್ರಿಮಿ.

ಆದರೆ ಎಂಥ ಕ್ರಿಮಿ! ನಮ್ಮ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕುಷ್ಠದ ಕ್ರಿಮಿ ಎರಡಾಗಲು ಹನ್ನೆರಡು ಹದಿನಾಲ್ಕು ದಿನ ಬೇಕು. ದೇಹಕ್ಕೆ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸರಾಸರಿ 5 ವರ್ಷ. ಕೆಲವರಲ್ಲಿ 20 ವರ್ಷವೂ ಆಗಬಹುದು. ಮೊದಲು ಚರ್ಮದ ಮೇಲೆ ಸ್ಪರ್ಶ ತಿಳಿಯದ ಒಂದು ಮಸುಕು ಮಚ್ಚೆ. ನೋವಿಲ್ಲ, ತುರಿಕೆಯಿಲ್ಲ. ಆದ್ದರಿಂದ ರೋಗಿ ಸುಮ್ಮನಿರುತ್ತಾನೆ. ತೊನ್ನಿನ ಬಿಳಿ ಕಲೆಗೂ ಇದಕ್ಕೂ ಸಂಬಂಧವಿಲ್ಲ. ತೊನ್ನಿನ ಕಲೆಯಲ್ಲಿ ಸ್ಪರ್ಶಜ್ಞಾನ ಹೋಗುವುದಿಲ್ಲ, ಅದು ಅಂಟುರೋಗವೂ ಅಲ್ಲ. ಕುಷ್ಠವಾದರೂ ಮುಟ್ಟಿದ ಮಾತ್ರಕ್ಕೆ ಅಂಟುವುದಿಲ್ಲ. ಚಿಕಿತ್ಸೆ ಪಡೆಯದ ರೋಗಿಯೊಡನೆ ದೀರ್ಘಕಾಲ ಹತ್ತಿರದಿಂದ ಬಾಳಿದವರಿಗೆ ಮಾತ್ರ ಹರಡಬಹುದು. ಬಹುಪಾಲು ಜನರಿಗೆ ಇದನ್ನು ಎದುರಿಸುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ.

ಔಷಧಿಯೂ ನಿಧಾನವಾಗಿಯೇ ಬಂತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಗರುಡಫಲದ ಬೀಜದ ಎಣ್ಣೆ, ಈಶಾನ್ಯದ ಚೌಲ್ಮುಗ್ರ ಎಣ್ಣೆ ಇವೇ ಬಹುಕಾಲ ಗತಿಯಾಗಿದ್ದವು. ಕುಡಿದರೆ ವಾಂತಿ, ಚುಚ್ಚಿದರೆ ತಾಳಲಾರದ ನೋವು. 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು, ಅವುಗಳಲ್ಲೂ ಅಗ್ಗದ ಡ್ಯಾಪ್ಸೋನ್ ಮಾತ್ರೆ ಬಳಕೆಗೆ ಬಂದಾಗ ಮೊದಲ ಬಾರಿಗೆ ಗುಣವಾಗುವ ಆಸೆ ಹುಟ್ಟಿತು. ಅದನ್ನೂ ವರ್ಷಗಟ್ಟಲೆ, ಕೆಲವರು ಬದುಕಿನುದ್ದಕ್ಕೂ ನುಂಗಬೇಕಿತ್ತು. 1960ರ ದಶಕದ ಹೊತ್ತಿಗೆ ಕ್ರಿಮಿ ಆ ಔಷಧಿಗೆ ಬಗ್ಗದಾಯಿತು. ಕೊನೆಗೆ ಮೂರು ಔಷಧಿಗಳನ್ನು ಕೂಡಿಸಿದ ಬಹುಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಔಷಧಿಯೇ ಇಲ್ಲದ ಕಾಲದಲ್ಲಿ ಈ ರೋಗಿಗಳ ಬಳಿಗೆ ಹೋದವರಿಗೆ ಏನು ಸಿಕ್ಕೀತು? ಗುಣಪಡಿಸಿದೆ ಎಂಬ ತೃಪ್ತಿ ಸಿಗುವಂತಿರಲಿಲ್ಲ. ವರ್ಷದ ಕೊನೆಗೆ ತೋರಿಸಲು ಲೆಕ್ಕವೂ ಇರಲಿಲ್ಲ. ಆದರೂ ಹೋದವರಿದ್ದಾರೆ. ಹ್ಯಾನ್ಸನ್ ಕ್ರಿಮಿಯನ್ನು ಕಂಡ 1873ರಲ್ಲೇ ಬೆಲ್ಜಿಯಂನ ಪಾದ್ರಿ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋದರು. ರೋಗಿಗಳನ್ನು ತಂದು ಬಿಟ್ಟುಹೋಗುವ ದ್ವೀಪ ಅದು. ಹದಿನಾರು ವರ್ಷ ಅವರಿಗೆ ಮನೆ ಕಟ್ಟಿ, ಹುಣ್ಣು ತೊಳೆದು, ಸತ್ತವರಿಗೆ ಗುಂಡಿ ತೋಡಿ, ಅದೇ ರೋಗದಿಂದ 1889ರಲ್ಲಿ ತೀರಿಕೊಂಡರು.

ಕಂಕನಾಡಿಯ ಆಲದ ಮರ

ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಮಂಗಳೂರಿನ ಕಥೆಯನ್ನೇ ನೋಡಬಹುದು. 1878ರ ಡಿಸೆಂಬರ್ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿಟ್ ಪಾದ್ರಿಗಳ ತಂಡದಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಇದ್ದರು. ಅವರಿಗೆ ಹೋಮಿಯೋಪಥಿ ಗೊತ್ತಿತ್ತು. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಔಷಧಿ ಕೊಡತೊಡಗಿದರು. ಹೀಗೆ ಬಂದವರಲ್ಲಿ ಎಲ್ಲರೂ ದೂರ ಇಟ್ಟಿದ್ದ ಕುಷ್ಠರೋಗಿಗಳೂ ಇದ್ದರು. ಮಾತ್ರೆ ಕೊಟ್ಟು ಕಳುಹಿಸಿದರೆ ಅವರು ಹೋಗುವುದು ಎಲ್ಲಿಗೆ? ಈ ಪ್ರಶ್ನೆಯಿಂದ 1890ರಲ್ಲಿ ಅವರಿಗಾಗಿಯೇ ಒಂದು ಆಶ್ರಯ ಎದ್ದಿತು. 1902ರಲ್ಲಿ ಪ್ಲೇಗಿಗೊಂದು ಆಸ್ಪತ್ರೆ. ಮುಲ್ಲರ್ ತೀರಿಕೊಂಡದ್ದು 1910ರಲ್ಲಿ. ಇಂದು ಅಲ್ಲಿ ವೈದ್ಯಕೀಯ ಕಾಲೇಜಿದೆ, ದೊಡ್ಡ ಆಸ್ಪತ್ರೆಯಿದೆ. ದಕ್ಷಿಣ ಕನ್ನಡದವರಿಗೆ ‘ಫಾದರ್ ಮುಲ್ಲರ್’ ಎಂದರೆ ವ್ಯಕ್ತಿಗಿಂತ ಮೊದಲು ಆಸ್ಪತ್ರೆಯೇ ನೆನಪಾಗುತ್ತದೆ.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶ ವೇಗ. ಮರದ ನೆರಳಿನಿಂದ ಕುಷ್ಠರೋಗಿಗಳ ಆಶ್ರಯಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ನೀಲನಕ್ಷೆ ಮೊದಲೇ ಇರಲಿಲ್ಲ. ಎದುರಿಗೆ ಬಂದ ರೋಗಿ ಮುಂದಿನ ಹೆಜ್ಜೆ ಏನೆಂದು ಹೇಳಿಕೊಟ್ಟ.

ಗಾಂಧೀಜಿಯವರ ಬದುಕಿನಲ್ಲೂ ಇಂಥದೊಂದು ಅಧ್ಯಾಯವಿದೆ. ಯೆರವಡಾ ಜೈಲಿನಲ್ಲಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಯವರಿಗೆ ಕುಷ್ಠವಿತ್ತು. 1939ರಲ್ಲಿ ಅವರು ಸೇವಾಗ್ರಾಮಕ್ಕೆ ಬಂದಾಗ ಅವರನ್ನು ಆಶ್ರಮದಲ್ಲಿ ಇರಿಸಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಗಾಂಧೀಜಿ ತಮ್ಮ ಕುಟೀರದ ಹತ್ತಿರವೇ ಅವರಿಗೆ ಗುಡಿಸಲು ಹಾಕಿಸಿದರು. ದೇಶದ ರಾಜಕಾರಣವೆಲ್ಲ ಕಾಯುತ್ತಿದ್ದಾಗಲೂ ತಾವೇ ಹೋಗಿ ಮೈ ತಿಕ್ಕಿ ಹುಣ್ಣು ನೋಡುತ್ತಿದ್ದರು. ಶಾಸ್ತ್ರಿಗಳಿಂದ ಅವರು ಸಂಸ್ಕೃತದ ಮಾತು ಕೇಳುತ್ತಿದ್ದರು. ಆಶ್ರಮದ ಮದುವೆಗೆ ಶಾಸ್ತ್ರಿಗಳೇ ಪುರೋಹಿತರಾದದ್ದೂ ಉಂಟು. ಅಂದರೆ ಅಲ್ಲಿ ಒಬ್ಬ ಕೊಡುವವ, ಇನ್ನೊಬ್ಬ ಪಡೆಯುವವ ಎಂಬ ಭೇದ ಉಳಿಯಲಿಲ್ಲ. ಗಾಂಧೀಜಿ ಹುತಾತ್ಮರಾದ ಜನವರಿ 30ನ್ನು ಕುಷ್ಠರೋಗ ವಿರೋಧಿ ದಿನವಾಗಿ ನಮ್ಮ ದೇಶ ಆಚರಿಸುವುದು ಇದೇ ನೆನಪಿಗೆ.

ಸುಮನಹಳ್ಳಿ ಹುಟ್ಟಿದ್ದು

1970ರ ದಶಕದ ಬೆಂಗಳೂರಿನಲ್ಲಿ ದೇವಸ್ಥಾನ, ಚರ್ಚು, ಮಾರುಕಟ್ಟೆಗಳ ಮುಂದೆ ಬೇಡುತ್ತಾ ಕೂತವರಲ್ಲಿ ಕುಷ್ಠರೋಗಿಗಳೂ ಇರುತ್ತಿದ್ದರು. ಆಗ ಮುಖ್ಯಮಂತ್ರಿ ದೇವರಾಜ ಅರಸು. ಬೆಂಗಳೂರಿನ ಆರ್ಚ್‌ಬಿಷಪ್ ಆಗಿದ್ದವರು ಪಾಕಿಯಂ ಆರೋಗ್ಯಸ್ವಾಮಿ. ಸರ್ಕಾರ ಮಾಗಡಿ ರಸ್ತೆಯಲ್ಲಿ ಅರವತ್ತಕ್ಕೂ ಹೆಚ್ಚು ಎಕರೆ ಜಾಗವನ್ನು ಗುತ್ತಿಗೆಗೆ ಕೊಡುವುದು, ಚರ್ಚು ಕೇಂದ್ರ ನಡೆಸುವ ಹೊಣೆ ಹೊರುವುದು ಎಂದಾಯಿತು. ಹೀಗೆ ಸುಮನಹಳ್ಳಿ ಹುಟ್ಟಿತು.

ಇಲ್ಲಿ ಮಾಡಬೇಕಾದ ಕೆಲಸ ಮೂರು ಬಗೆಯದಾಗಿತ್ತು. ಮೊದಲನೆಯದು ಚಿಕಿತ್ಸೆ. ಎರಡನೆಯದು ಕಸುಬು; ಗುಣವಾದವರು ಮತ್ತೆ ಬೇಡುವುದಕ್ಕೆ ಹೋಗಬಾರದೆಂದು ಹೊಲಿಗೆ, ಚರ್ಮದ ಕೆಲಸ ಮುಂತಾದವನ್ನು ಕಲಿಸುವುದು. ಮೂರನೆಯದು ಮನೆ. ಇದೇ ಎಲ್ಲಕ್ಕಿಂತ ಕಷ್ಟದ್ದು. ಕ್ರಿಮಿ ಸತ್ತು, ವೈದ್ಯರು ಗುಣವಾಗಿದೆ ಎಂದು ಬರೆದುಕೊಟ್ಟ ಮೇಲೂ ಮನೆಯವರು ಒಳಗೆ ಸೇರಿಸದ ಉದಾಹರಣೆಗಳು ಈ ರೋಗದ ಚರಿತ್ರೆಯಲ್ಲಿ ಹೇರಳ. ಮನೆಯವರು ಕೆಟ್ಟವರು ಎಂದಲ್ಲ. ತಂಗಿಯ ಮದುವೆಗೆ ತೊಡಕಾದೀತು, ಊರಿನವರು ಏನೆಂದಾರು ಎಂಬ ಅಂಜಿಕೆ. ಹಾಗಾಗಿ ಔಷಧಿಯ ಚೀಟಿ ಮುಗಿದರೂ ಆಶ್ರಯದ ಅಗತ್ಯ ಮುಗಿಯುವುದಿಲ್ಲ. ಮುಂದೆ ಎಚ್‌ಐವಿ ಸೋಂಕಿತರನ್ನೂ ಜನ ಇದೇ ರೀತಿ ಹೊರಗಿಡತೊಡಗಿದಾಗ ಸುಮನಹಳ್ಳಿ ಅವರಿಗೂ ಬಾಗಿಲು ತೆರೆಯಿತು.

ಕಸುಬಿಗೆ ಕೊಟ್ಟ ಮಹತ್ವಕ್ಕೆ ನೆರೆಯ ಮಹಾರಾಷ್ಟ್ರದಲ್ಲಿ ಮೇಲ್ಪಂಕ್ತಿ ಇತ್ತು. ಚಂದ್ರಾಪುರ ಜಿಲ್ಲೆಯ ವರೋರಾದಲ್ಲಿ ಬಾಬಾ ಆಮ್ಟೆ ಕಲ್ಲುಬಂಡೆಯ ನೆಲದಲ್ಲಿ ಕೆಲವೇ ರೋಗಿಗಳೊಂದಿಗೆ ಕಟ್ಟಿದ ಊರಿಗೆ ‘ಆನಂದವನ’ ಎಂದು ಹೆಸರಿಟ್ಟರು. ಮೊದಲ ದಿನಗಳಲ್ಲಿ ಅಲ್ಲಿದ್ದದ್ದು ಹಾವು, ಚೇಳು, ಬಿಸಿಲು. ಆನಂದ ಎಲ್ಲಿಂದ ಬಂತು? ಬೆರಳು ಕಳೆದುಕೊಂಡ ಕೈಗಳು ಬಾವಿ ತೋಡಿದಾಗ, ಬೆಳೆದ ತರಕಾರಿಯನ್ನು ತಾವೇ ಉಂಡಾಗ ಬಂತು. ಇದೇ ಆಮ್ಟೆ ಒಮ್ಮೆ ಮಳೆಯಲ್ಲಿ ಬಿದ್ದಿದ್ದ ರೋಗಿಯನ್ನು ಕಂಡು ಹೆದರಿ ಓಡಿಹೋಗಿದ್ದರು. ಆ ಹೆದರಿಕೆಯೇ ತಮ್ಮನ್ನು ಈ ಕೆಲಸಕ್ಕೆ ತಂದಿತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಸೇವೆ ಮಾಡುವವರು ಹುಟ್ಟಿನಿಂದಲೇ ಬೇರೆ ಜಾತಿಯ ಮನುಷ್ಯರು ಎಂದು ತಿಳಿಯಬೇಕಾಗಿಲ್ಲ.

ನೋವು ತಿಳಿಯುವುದೇ ಭಾಗ್ಯ

ಕುಷ್ಠದಲ್ಲಿ ಬೆರಳು ಕೊಳೆತು ಉದುರುತ್ತವೆ ಎಂದೇ ಶತಮಾನಗಳಿಂದ ಜನ ನಂಬಿದ್ದರು. ಅದು ಹಾಗಲ್ಲ ಎಂದು ತೋರಿಸಿದವರಲ್ಲಿ ಪ್ರಮುಖರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಈ ಶಸ್ತ್ರವೈದ್ಯರು 1940ರ ದಶಕದ ಕೊನೆಯಿಂದ ರೋಗಿಗಳ ಕೈಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕ್ರಿಮಿ ಬೆರಳನ್ನು ತಿನ್ನುವುದಿಲ್ಲ. ಅದು ನರಗಳನ್ನು ಕೊಲ್ಲುತ್ತದೆ. ನರ ಸತ್ತರೆ ನೋವು ತಿಳಿಯದು. ನೋವು ತಿಳಿಯದ ಮನುಷ್ಯ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುತ್ತಾನೆ, ಮೊಳೆ ಚುಚ್ಚಿದ ಚಪ್ಪಲಿಯಲ್ಲೇ ದಿನವಿಡೀ ನಡೆಯುತ್ತಾನೆ. ಗಾಯ ಹುಣ್ಣಾಗುತ್ತದೆ, ಹುಣ್ಣು ಮೂಳೆಗೆ ಇಳಿಯುತ್ತದೆ. ಬೆರಳು ಹೋಗುವುದು ಹೀಗೆ.

ಬ್ರ್ಯಾಂಡ್ ಹೇಳಿಕೊಂಡ ಒಂದು ಪ್ರಸಂಗವಿದೆ. ದೂರದ ಪ್ರಯಾಣ ಮುಗಿಸಿದ ಒಂದು ರಾತ್ರಿ ಕಾಲುಚೀಲ ತೆಗೆದಾಗ ಅವರ ಹಿಮ್ಮಡಿಯಲ್ಲಿ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿದರು, ರಕ್ತ ಬಂತು, ನೋವಾಗಲಿಲ್ಲ. ತಮಗೂ ರೋಗ ಬಂತೆಂದು ರಾತ್ರಿಯೆಲ್ಲ ಒದ್ದಾಡಿದರು. ಬೆಳಿಗ್ಗೆ ಮತ್ತೆ ಸೂಜಿ ಚುಚ್ಚಿದಾಗ ಚೀರುವಷ್ಟು ನೋವಾಯಿತು. ಪ್ರಯಾಣದಲ್ಲಿ ನರ ಒತ್ತಿಹೋಗಿದ್ದುದಷ್ಟೇ ಕಾರಣ. ಅಷ್ಟು ಸಂತೋಷ ಕೊಟ್ಟ ನೋವು ಇನ್ನೊಂದಿಲ್ಲ ಎಂದು ಅವರಿಗೆ ಅನ್ನಿಸಿತು. ನೋವು ಶತ್ರುವಲ್ಲ, ದೇಹದ ಕಾವಲುಗಾರ ಎಂಬ ಅವರ ವಾದಕ್ಕೆ ಈ ಬೆಳಗೂ ಒಂದು ಕಾರಣ.

ಈ ತಿಳಿವಳಿಕೆಯಿಂದ ಸೇವೆಯ ಸ್ವರೂಪವೇ ಬದಲಾಯಿತು. ಶಸ್ತ್ರಕ್ರಿಯೆಯಷ್ಟೇ ಮುಖ್ಯವಾದದ್ದು ಚಪ್ಪಲಿ. ಮೃದುವಾದ, ನುಣ್ಣನೆಯ ರಂಧ್ರಗಳಿರುವ ರಬ್ಬರಿನ ಅಟ್ಟೆ, ಮೊಳೆ ಹೊಡೆಯುವಂತಿಲ್ಲ, ಪ್ರತಿ ಪಾದಕ್ಕೂ ಅಳತೆ ಬೇರೆ. ಇದನ್ನು ಮಾಡಿಕೊಟ್ಟ ಚಮ್ಮಾರರು ಎಷ್ಟು ಪಾದಗಳನ್ನು ಉಳಿಸಿದರೋ ಲೆಕ್ಕವಿಟ್ಟವರಿಲ್ಲ. ಆಮೇಲೆ ದಿನನಿತ್ಯದ ಆರೈಕೆ. ಪಾದವನ್ನು ನೀರಿನಲ್ಲಿ ನೆನೆಸಬೇಕು, ಒರಟು ಚರ್ಮವನ್ನು ತಿಕ್ಕಿ ತೆಗೆಯಬೇಕು, ಎಣ್ಣೆ ಹಚ್ಚಬೇಕು, ಸಂಜೆ ಅಂಗಾಲನ್ನು ನೋಡಬೇಕು. ಹುಣ್ಣಿದ್ದರೆ ತೊಳೆದು ಪಟ್ಟಿ ಕಟ್ಟಬೇಕು. ನಾಳೆ ಮತ್ತೆ ಇದೇ. ಒಂದು ಹುಣ್ಣು ಮಾಗಲು ವಾರಗಟ್ಟಲೆ ಬೇಕು.

ಇಂಥ ಕೆಲಸದಲ್ಲಿ ಫೋಟೊಕ್ಕೆ ಒದಗುವ ಗಳಿಗೆ ಇಲ್ಲ. ಸೋಮವಾರದ ಪಟ್ಟಿಗೂ ಮಂಗಳವಾರದ ಪಟ್ಟಿಗೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ನಲವತ್ತು ದಿನ ಒಂದೇ ಪಾದವನ್ನು ಕೈಯಲ್ಲಿ ಹಿಡಿದವನಿಗೆ ಆ ಪಾದ ಯಾರದೆಂದು ಗೊತ್ತಾಗಿಬಿಡುತ್ತದೆ. ಯಾವ ಊರಿನವರು, ಏನು ಉಣ್ಣುತ್ತಾರೆ, ಯಾವ ಮಾತಿಗೆ ನಗುತ್ತಾರೆ ಎಂಬುದೆಲ್ಲ ತಿಳಿಯುತ್ತದೆ. ಹುಣ್ಣು ಮಾಗಿದ ದಿನ ಆಗುವ ಸಂತೋಷ ಕೊಟ್ಟವನ ಸಂತೋಷವಲ್ಲ, ಜೊತೆಗಾರನ ಸಂತೋಷ. ಸೇವೆಯ ಸುಖ ಎಂದು ಹಿರಿಯರು ಹೇಳಿದ್ದು ಇದನ್ನೇ ಇರಬೇಕು. ಅದು ಬೇಗ ಬರುವುದಿಲ್ಲ. ಬಂದದ್ದು ಬೇಗ ಹೋಗುವುದೂ ಇಲ್ಲ.

ದಾನ ಮತ್ತು ದಾಸೋಹ

ಸುಮನಹಳ್ಳಿಯಿಂದ ಪೇಟೆಯ ಕಡೆಗೆ ಸ್ವಲ್ಪ ದೂರ ಬಂದರೆ ಬಸವೇಶ್ವರನಗರ. ಹನ್ನೆರಡನೆಯ ಶತಮಾನದ ಯಾರ ಹೆಸರನ್ನು ಈ ಬಡಾವಣೆ ಹೊತ್ತಿದೆಯೋ ಆ ಬಸವಣ್ಣನವರು ಮತ್ತು ಅವರ ಜೊತೆಯ ಶರಣರು ದಾನಕ್ಕೂ ದಾಸೋಹಕ್ಕೂ ಗೆರೆ ಎಳೆದಿದ್ದರು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ‘ದಾಸೋಹಂ’ ಎಂದರೆ ನಾನು ದಾಸ. ಇಲ್ಲಿ ಕೊಡುವವನೇ ತಗ್ಗಿ ನಿಲ್ಲಬೇಕು. ಅದಕ್ಕೆ ಮೊದಲು ಕಾಯಕ ಬೇಕು. ದುಡಿಯದೆ ಬಂದದ್ದನ್ನು ಹಂಚಿದರೆ ದಾಸೋಹವಲ್ಲ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಶಾಲೆಯಲ್ಲಿ ಓದದವರು ಕಡಿಮೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಇದ್ದಲ್ಲೇ ಚೆಲ್ಲಿ ಬರಲು ಹೇಳಿದಳು. ಹೆಚ್ಚು ತಂದರೆ ಹೆಚ್ಚು ಜನಕ್ಕೆ ಇಕ್ಕಬಹುದಲ್ಲ ಎಂದು ನಮಗೆ ಅನ್ನಿಸುತ್ತದೆ. ಲಕ್ಕಮ್ಮ ಕಂಡದ್ದು ಬೇರೆ. ಸೇವೆಯ ಹೆಸರಿನಲ್ಲೂ ಆಸೆ ಬೆಳೆಯುತ್ತದೆ, ದೊಡ್ಡದಾಗಿ ಮಾಡಿ ತೋರಿಸುವ ಹಂಬಲ ಹುಟ್ಟುತ್ತದೆ. ದಿನದ ಅಳತೆ ದಿನಕ್ಕೆ ಸಾಕು ಎಂಬುದು ಅವಳ ನಿಲುವು. ನಾಳೆ ಮತ್ತೆ ಆಯಬೇಕು, ನಾಳೆ ಮತ್ತೆ ಇಕ್ಕಬೇಕು. ಹುಣ್ಣಿಗೆ ಪಟ್ಟಿ ಕಟ್ಟುವವರ ದಿನಚರಿಯೂ ಇದೇ.

ಈ ಅಳತೆಗೋಲಿನಲ್ಲಿ ನಮ್ಮ ಕಾಲವನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 1975ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 3ರಂತೆ ಭಿಕ್ಷುಕರ ಉಪಕರ ವಸೂಲಾಗುತ್ತದೆ. ಅಂದರೆ ರಾಜಾಜಿನಗರದ, ವಿಜಯನಗರದ, ಕೆಂಗೇರಿಯ ಪ್ರತಿ ಮನೆಯವರೂ ಗೊತ್ತಿದ್ದೋ ಇಲ್ಲದೆಯೋ ಮಾಗಡಿ ರಸ್ತೆಯ ನಿರಾಶ್ರಿತರಿಗೆ ಕೊಡುತ್ತಲೇ ಬಂದಿದ್ದಾರೆ. ಇದಕ್ಕಿಂತ ಸುಲಭದ ಕೊಡುಗೆ ಇಲ್ಲ. ಆದರೆ 2010ರ ಆಗಸ್ಟ್‌ನಲ್ಲಿ ಅದೇ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಒಬ್ಬರ ಹಿಂದೊಬ್ಬರಂತೆ ಸತ್ತರು. ವಾಂತಿಭೇದಿ, ಕಿಕ್ಕಿರಿದ ಕೊಠಡಿ, ಹಾಳಾದ ನೈರ್ಮಲ್ಯದ ವಿವರಗಳು ಹೊರಬಿದ್ದವು. ಅಂದಿನ ಸಮಾಜ ಕಲ್ಯಾಣ ಸಚಿವರು ರಾಜೀನಾಮೆ ಕೊಟ್ಟರು. ಕಾಯ್ದೆಯಿತ್ತು, ಕಟ್ಟಡವಿತ್ತು, ಉಪಕರವೂ ಇತ್ತು. ಒಳಗಿದ್ದವರ ಕಡೆ ದಿನವೂ ನೋಡುವ ಕಣ್ಣು ಇರಲಿಲ್ಲ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಮೊಳೆ ಚುಚ್ಚಿದ್ದು ತಿಳಿಯದಂತೆ ಊರಿಗೂ ತಿಳಿಯಲಿಲ್ಲ.

ಸೇವೆ ಎಂದು ಕೂಲಿ ಕಡಿಮೆ ಮಾಡಬಾರದು

ಸೇವೆಯ ಸುಖದ ಮಾತು ಆಡುವಾಗ ಒಂದು ಎಚ್ಚರವೂ ಬೇಕು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಕೋವಿಡ್‌ನ ಎರಡನೇ ಅಲೆ ಬಂದಾಗ ಸುಮನಹಳ್ಳಿಯ ಚಿತಾಗಾರ ಹಗಲೂ ರಾತ್ರಿಯೂ ಉರಿಯಿತು. ಕೆಂಗೇರಿಯದ್ದೂ ಅಷ್ಟೇ. ಸಾಲದೆ ಹೋದಾಗ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಿನಲ್ಲೇ ಚಿತೆ ಸಿದ್ಧಪಡಿಸಬೇಕಾಯಿತು. ಬಂಧುಗಳು ಹತ್ತಿರ ಬರಲಾರದ, ಕೆಲವೊಮ್ಮೆ ಬರಲೊಲ್ಲದ ದೇಹಗಳನ್ನು ಎತ್ತಿದವರು ಚಿತಾಗಾರದ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು ಮತ್ತು ಸ್ವಯಂಸೇವಕ ಯುವಕರು. ಅವರನ್ನು ಯೋಧರೆಂದು ಕೊಂಡಾಡಿದೆವು. ಚಪ್ಪಾಳೆ ತಟ್ಟಿದ್ದು ಬೇಗ ಮುಗಿಯಿತು. ಸರಿಯಾದ ಸಂಬಳ, ಸುರಕ್ಷಿತ ಕೆಲಸದ ಮಾತು ನಿಧಾನವಾಯಿತು.

ಇಂದು ಮನೆಮನೆಗೆ ಹೋಗಿ ಸ್ಪರ್ಶವಿಲ್ಲದ ಮಚ್ಚೆಯನ್ನು ಹುಡುಕುವವರು ಆಶಾ ಕಾರ್ಯಕರ್ತೆಯರು. ಕುಷ್ಠದ ವಿರುದ್ಧದ ಹೋರಾಟದಲ್ಲಿ ಮೊದಲ ಸಾಲಿನವರು ಅವರೇ. ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತು ಧರಣಿ ಮಾಡಬೇಕಾಯಿತು; ಕೇಳಿದ್ದು ತಮ್ಮ ದುಡಿಮೆಗೆ ತಕ್ಕ ಗೌರವಧನವನ್ನು. ಸೇವೆಯಲ್ಲಿ ಸಂತೋಷವಿದೆ ಎಂಬ ಮಾತು ಕೂಲಿ ತಗ್ಗಿಸಲು ನೆಪವಾಗಬಾರದು. ಸಂತೋಷ ಮಾಡುವವರಿಗೆ ಬಿಟ್ಟದ್ದು. ಸಂಬಳ ಮಾಡಿಸುವವರ ಹೊಣೆ. ಕಾಯಕವನ್ನು ಮೇಲಕ್ಕೆತ್ತಿದ ಶರಣರಿಗೂ ಇದು ಒಪ್ಪಿಗೆಯಾಗುತ್ತಿತ್ತು.

ಇನ್ನೂ ಮುಗಿಯದ ಕೆಲಸ

10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಮಟ್ಟವನ್ನು ಭಾರತ 2005ರ ಡಿಸೆಂಬರ್‌ನಲ್ಲಿ ಮುಟ್ಟಿತು. ಕುಷ್ಠ ನಿರ್ಮೂಲನವಾಯಿತೆಂಬ ಸುದ್ದಿ ಹರಡಿತು. ಅದರ ಅರ್ಥ ರೋಗ ಇಲ್ಲವಾಯಿತೆಂದಲ್ಲ. 2022ರಲ್ಲೂ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದು. ಗೆದ್ದೆವು ಎಂದು ಬೇಗ ಸಾರಿದರೆ ಮಚ್ಚೆ ಹುಡುಕುವ ಕಣ್ಣುಗಳು ಕಡಿಮೆಯಾಗುತ್ತವೆ. ಇಪ್ಪತ್ತು ವರ್ಷ ಕಾಯಬಲ್ಲ ಕ್ರಿಮಿಗೆ ಅಷ್ಟೇ ಸಾಕು.

ಊರ ಹೊರಗಿದ್ದ ಮಾಗಡಿ ರಸ್ತೆ ಈಗ ಊರ ನಡುವೆ ಬಂದಿದೆ. 2015ರಿಂದ ಮೆಟ್ರೊ ರೈಲು ಮಾಗಡಿ ರಸ್ತೆ, ವಿಜಯನಗರಗಳ ಮೇಲೆ ಓಡುತ್ತಿದೆ. ಸುಮನಹಳ್ಳಿಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ. ದೂರ ಇಟ್ಟವರ ಹತ್ತಿರಕ್ಕೆ ಊರೇ ನಡೆದು ಬಂದಂತಾಗಿದೆ. ಇಂಥ ಕಡೆಗೆ ಒಂದು ದಿನ ಹೋಗಿ ಬರುವ ಬದಲು ತಿಂಗಳಿಗೊಮ್ಮೆ, ವಾರಕ್ಕೊಮ್ಮೆ, ವರ್ಷಗಟ್ಟಲೆ ಹೋಗುವವರು ಇಂದಿಗೂ ಇದ್ದಾರೆ. ಕೇಕ್ ಒಯ್ಯುವುದಿಲ್ಲ. ಕಾಗದ ಓದಿಕೊಡುತ್ತಾರೆ, ಉಗುರು ಕತ್ತರಿಸುತ್ತಾರೆ, ಸುಮ್ಮನೆ ಕೂತು ಮಾತಾಡುತ್ತಾರೆ. ಜನವರಿ 30ರಂದು ಕೇಂದ್ರ ಸರ್ಕಾರ ನಡೆಸುವ ಕುಷ್ಠರೋಗ ಜಾಗೃತಿ ಅಭಿಯಾನಕ್ಕೆ ‘ಸ್ಪರ್ಶ’ ಎಂದು ಹೆಸರು. ಕುಷ್ಠದ ವಿಷಯದಲ್ಲಿ ಇದಕ್ಕಿಂತ ಒಪ್ಪುವ ಹೆಸರು ಸಿಗದು. ರೋಗ ಮೊದಲು ಕಸಿದುಕೊಂಡದ್ದು ಸ್ಪರ್ಶವನ್ನು; ಮಾತ್ರೆಯಿಂದ ಮರಳಿ ಕೊಡಲಾಗದೆ ಉಳಿದದ್ದೂ ಅದನ್ನೇ. ಅದನ್ನು ಕೊಡಲು ಇನ್ನೊಬ್ಬ ಮನುಷ್ಯನೇ ಬೇಕು. ಅವನ ಬಳಿ ಒಂದಿಷ್ಟು ಬಿಡುವೂ ಇರಬೇಕು.